ಮೈಕಿಗೆ ಬಡಿದ ತುಳಸಿ ಮಾಲಿ

ಹೆಸರಾಂತ ಗಾಯಕರೊಬ್ಬರು ಕುಡಿದು ಕುಡಿದೇ ತೀರಿಕೊಂಡಿದ್ರು. ಅವರ ನೆನಪಿಗೆ ಐನಾಪುರದಾಗ ಸಂಜಿ ಭಜನಿ ಇಟ್ಟಿದ್ರು. ಮೈಕ್ ಸೆಟ್ ನಂದು, ನನ್ನ ಟೆಂಪೋದಾಗ ತಂದಿದ್ದೆ. ಹಾಡಾಕ ಕುಂತಾವ್ರು ಬಾಬಣ್ಣ, ಒಂದು ಕಾಲದಾಗ ಆ ಗಾಯಕರ ಜೋಡಿ ಹಾಡಿದಾವ್ರು, ಕುಡಿದಾವ್ರು.

ಬಾಬಣ್ಣ ಸುರು ಮಾಡಿದ್ದೇ ಸ್ಪೀಕರಿನಾಗ ಟಕ್ ಟಕ್ ಸಪ್ಪಳ. ಕೊರಳಾಗಿನ ತುಳಸಿ ಮಾಲಿ ಮೈಕಿಗೆ ಬಡಿಯಾಕತ್ತಿತ್ತು. ಅಂಗಿಯೊಳಗ ಹಾಕಿದ್ರೂ ಹೊರಗ ಬರತಿತ್ತು.

"ಕಾಕಾ, ಅದನ್ನ ಸ್ವಲ್ಪ ತೆಗೀರಿ," ಅಂದೆ.

ಮಂದಿ ಎಲ್ಲಾ ನನ್ನ ಕಡೆ ತಿರುಗಿ ನೋಡಿದ್ರು. ಬಾಬಣ್ಣನ ಹೆಂಡತಿ ಎದ್ದು ನಿಂತ್ರು. "ತಮ್ಮಾ, ಪಂಢರಪುರದಾಗ ಆ ಮಾಲಿ ಹಾಕ್ಕೊಂಡಾಗಿಂದ ಇವರು ಶೆರೆ ಮುಟ್ಟಿಲ್ಲ. ತೆಗಸಬ್ಯಾಡಪಾ."

ಅಷ್ಟರಾಗ ಬಾಬಣ್ಣ ಮಾಲಿ ತೆಗೆದು ಕೈಯಾಗ ಹಿಡಿದಿದ್ರು. ಎಲ್ಲಿ ಇಡೂದಂತ ಸುತ್ತ ನೋಡಿದ್ರು. ಕಡೀಕ ಅದನ್ನ ನನ್ನ ಕೊರಳಿಗೆ ಹಾಕಿ, "ಹಾಡು ಮುಗಿಯೂತನಕ ನೀ ಇದನ್ನ ಕಾಯಪಾ. ನಿನ್ನ ನೋಡ್ಕೋತ ಹಾಡತೇನಿ," ಅಂದ್ರು.

ಹಾಡಿದ್ರು. ನನ್ನ ಮ್ಯಾಲಿಂದ ಕಣ್ಣು ತೆಗೀಲೇ ಇಲ್ಲ. ಮುಗಿದದ್ದೇ ಎದ್ದು ಬಂದು, ತಲಿ ಬಗ್ಗಿಸಿ, "ಹಾಕು," ಅಂದ್ರು. ಹಾಕಿದೆ. ಅವರ ಹೆಂಡತಿ ಅಲ್ಲೇ ಕುಂತ್ರು. ಇಡೀ ಅಂಗಳ ಉಸಿರು ಬಿಟ್ಟಿತು.

ಎಲ್ಲಾರಕಿಂತ ಜೋರ ಉಸಿರು ಬಿಟ್ಟಾಂವ ನಾನ. ಟೆಂಪೋದ ಸೀಟಿನ ಕೆಳಗ ನಂದೊಂದು ಕ್ವಾರ್ಟರ್ ಕಾಯಾಕತ್ತಿತ್ತು.