ಹರಕೆಯ ಮುಡಿಯಲ್ಲ

ನಮ್ಮ ಮನೆತನ ಕಡೂರಿಗೆ ಹೊಸದಲ್ಲ. ಮೂರು ತಲೆಮಾರಿನಿಂದ ಮಠದ ದಾಸೋಹಕ್ಕೆ ಅಕ್ಕಿ ಕಳಿಸಿದವರು ನಾವು; ಯಾರ ಮುಂದೆಯೂ ಕೈ ಚಾಚಿದವರಲ್ಲ. ನನಗೆ ರಕ್ತದ ಕ್ಯಾನ್ಸರ್ ಆದ ಮೇಲೆ, ಅದರ ಸಂಶೋಧನೆಗೆ ಹಣ ಕೂಡಿಸಲು ನಾನೇ ರಸೀದಿ ಪುಸ್ತಕ ಹಿಡಿದು ಪರಿಚಯದ ಕೊಬ್ಬರಿ ಮಂಡಿಗೆ ಹೋದೆ.

ಒಳಗೆ ಬಿಸಿಲಿನ ಕೋಲುಗಳಲ್ಲಿ ಧೂಳು ಮೆಲ್ಲಗೆ ತೇಲುತ್ತಿತ್ತು. ಫ್ಯಾನಿನ ಗಾಳಿಗೆ ಸೆರಗು ಜಾರಿ ನನ್ನ ಬೋಳು ತಲೆ ಕಂಡಿತು. ಮೂಲೆಯಲ್ಲಿ ಕೂತಿದ್ದ, ಮಂಡಿ ಸಾಹುಕಾರರ ತಾಯಿ ತಟ್ಟನೆ ಕೈ ಮುಗಿದರು. "ತಿರುಪತೀಲಿ ಮುಡಿ ಕೊಟ್ಟು ಬಂದ್ರಾ ತಾಯಿ? ಒಂಚೂರು ಪ್ರಸಾದ ಕೊಡಿ."

ಸಾಹುಕಾರರು ನನ್ನತ್ತ ಬಗ್ಗಿ ಪಿಸುಗುಟ್ಟಿದರು. "ಹೂಂ ಅಂದ್ಬಿಡಿ ಅಕ್ಕಾರೆ. ಆ ಕಾಯ್ಲೆ ಹೆಸ್ರು ಅವ್ವನ ಮುಂದೆ ಎತ್ಬೇಡಿ. ಹರಕೆ ಅಂದ್ರೆ ಜನ ಜಾಸ್ತೀನೇ ಕೊಡ್ತಾರೆ."

ಕಾನ್ವೆಂಟಿನಲ್ಲಿ ನಮಗೆ ಹಾಗೆ ಕಲಿಸಿರಲಿಲ್ಲ. "ಹರಕೆಯಲ್ಲ ಅಮ್ಮ. ರಕ್ತದ ಕ್ಯಾನ್ಸರ್. ಔಷಧಿಗೆ ಕೂದಲು ಉದುರಿದೆ" ಎಂದೆ.

ಆ ತಾಯಿ ಎದ್ದು ಬಂದು ನನ್ನ ನೆತ್ತಿಯನ್ನು ಅಂಗೈಯಿಂದ ಬಹಳ ಹೊತ್ತು ಸವರಿದರು. ಮಂಡಿ, ಬೀದಿ, ಸ್ಟೇಷನ್ನಿನ ರೈಲಿನ ಸದ್ದು ಎಲ್ಲವೂ ದೂರ ಸರಿದಂತಾಯಿತು.

"ನನ್ ಮಗ್ಳ ತಲೇನೂ ಹಿಂಗೇ ನುಣ್ಣಗಿತ್ತು ಕಣವ್ವ. ಅವ್ಳು ಹೋಗೋಗಂಟ ನಾವೂ ಊರಿಗೆಲ್ಲ ಹರಕೆ ಅಂತ್ಲೇ ಹೇಳಿದ್ವಿ. ಈಗ್ಲೂ ಅದೇ ಬಾಯಿಗ್ ಬಂತು ನೋಡು."

ಸಾಹುಕಾರರು ತಲೆ ತಗ್ಗಿಸಿದರು. ಆ ತಾಯಿ ರಸೀದಿಯನ್ನು ಮಗಳ ಹೆಸರಿಗೆ ಬರೆಸಿದರು. ಕೆಳಗೆ ಕಾಯಿಲೆಯ ಹೆಸರನ್ನೂ ಬರೆಸಿದರು.

ಎಲ್ಲ ಸರಿ. ಆದರೆ ನನಗೆ ಸುಳ್ಳು ಹೇಳಿಕೊಟ್ಟದ್ದಕ್ಕೆ ಸಾಹುಕಾರರು ಇನ್ನೂ ಕ್ಷಮೆ ಕೇಳಿಲ್ಲ. ಕೇಳಬೇಕು.