ಪುಡಿಯಲ್ಲಿ ಶೇಂಗಾ ಎಲ್ಲಿದೆ?

ಇವತ್ತು ಬೆಳಿಗ್ಗೆ ಇಟಗಿಯ ಬೀಗರ ಮನೆಯಲ್ಲಿ ನನ್ನ ಮುಂದೆ ತಾಟು ಬಂತು. ಬಿಸಿ ರೊಟ್ಟಿ, ಕೆನೆಮೊಸರು, ಮಗ್ಗುಲಲ್ಲಿ ಶೇಂಗಾ ಚಟ್ನಿ. ವಾಸನೆಗೆ ಬಾಯಲ್ಲಿ ನೀರೂರಿತು, ಕೈ ಮಾತ್ರ ಮುಂದೆ ಹೋಗಲಿಲ್ಲ. ಹತ್ತಕ್ಕೆ ನನಗೆ ಶಾಲೆಯಿತ್ತು. ಶಾಲೆಗೂ ಚಟ್ನಿಗೂ ಏನು ಸಂಬಂಧ ಎನ್ನುತ್ತೀರಾ? ಮೂರು ವರ್ಷದ ಹಿಂದೆ ನಾನೂ ಹಾಗೇ ಅನ್ನುತ್ತಿದ್ದೆ.

ಆಗ ಮುಶಿಗೇರಿಯ ನಮ್ಮ ಶಾಲೆಯ ನಾಲ್ಕನೆಯ ಇಯತ್ತೆಗೆ ಗಿರಿಜಾ ಸೇರಿದಳು. ಹೊಳೆಮಣ್ಣೂರಿನಿಂದ ಕರೆತಂದ ಅವಳ ತಾಯಿ, "ಸರ, ಇಕಿಗಿ ಶೇಂಗಾ ಆಗೂದಿಲ್ರಿ. ಒಂದ ಕಾಳ ಬಾಯಾಗ ಹೋದ್ರೂ ಉಸರ ಕಟ್ಟತೈತಿ. ಹ್ವಾದ ವರ್ಷ ಲಗೂ ದವಾಖಾನಿಗಿ ಒಯ್ದಿದ್ದಕ್ಕ ಉಳದಾಳ್ರಿ" ಎಂದು ಕಣ್ಣೊರೆಸಿಕೊಂಡಳು. ಶೇಂಗಾ ಬೀಳದ ಪಲ್ಯ ನಮ್ಮ ಕಡೆ ಯಾವ ಮನೆಯಲ್ಲಿದೆ, ಹೇಳಿ?

ಮರುದಿನದಿಂದ ನಾನು ಫೌಜದಾರನ ಗತ್ತಿನಲ್ಲಿ ಬಾಗಿಲಿಗೆ ನಿಂತು ಹುಡುಗರ ಕಿಸೆ ತಪಾಸಣೆ ಶುರುಮಾಡಿದೆ. ಪುಸ್ತಕ ತರದವರೂ ಶೇಂಗಾ ತಂದಿರುತ್ತಿದ್ದರು. ಜಪ್ತಾದ ಮಾಲು ನನ್ನ ಮೇಜಿನ ಖಣಕ್ಕೆ. ಕೆಟ್ಟುಹೋಗಬಾರದಲ್ಲ ಎಂದು ಬಿಡುವಿನಲ್ಲಿ ಒಂದೊಂದೇ ನಾನೇ ಮುಗಿಸುತ್ತಿದ್ದೆ.

ಶಾಲೆಯ ಬಿಸಿಯೂಟದ ಅಡುಗೆಯ ನೀಲವ್ವ, "ಶೇಂಗಾ ಅಡಗಿಮನಿ ಹೊಸ್ತಲಾ ದಾಟೂದಿಲ್ರಿ" ಎಂದು ಆಣೆ ಮಾಡಿದ್ದಳು. ಒಂದು ಮಧ್ಯಾಹ್ನ ಬದನೆಕಾಯಿ ಪಲ್ಯ ಘಮಘಮ ಎನ್ನುತ್ತಿತ್ತು. ಆ ಘಮ ನನ್ನ ಮೂಗಿಗೆ ಚೆನ್ನಾಗಿ ಪರಿಚಯವಿದ್ದದ್ದೇ. ನೋಡಿದರೆ ಗಿರಿಜಾ ತುತ್ತು ಎತ್ತಿದ್ದಾಳೆ! "ತಿನಬ್ಯಾಡ!" ಎಂದು ಕೂಗಿ ಹಾರಿ ತಾಟು ಕಸಿದುಕೊಂಡೆ. ಪಲ್ಯವೆಲ್ಲ ನನ್ನ ಪ್ಯಾಂಟಿನ ಮೇಲೆ.

"ನೀಲವ್ವಾ, ಇದರಾಗ ಶೇಂಗಾ ಹಾಕೀ ಏನ?"

"ಇಲ್ರಿ ಸರ! ಪುಡಿ ಅಷ್ಟ ಹಾಕೇನಿ."

"ಯಾತರ ಪುಡಿ?"

"ಅಯ್ಯ, ಪುಡಿಗಿ ಯಾತರದ್ದು ಅಂತ ಯಾರರ ಕೇಳ್ತಾರೇನ್ರಿ?" ಎಂದವಳು, ಮರುಕ್ಷಣ ತಾನೇ ಬಾಯಿಗೆ ಸೆರಗು ಹಿಡಿದು ಅಳತೊಡಗಿದಳು. ಪಾಪ, ಅವಳ ಲೆಕ್ಕದಲ್ಲಿ ಕುಟ್ಟಿದ ಮೇಲೆ ಅದು ಶೇಂಗಾ ಅಲ್ಲ, ರುಚಿ.

ನಾನು ದೊಡ್ಡ ಶೂರನಂತೆ ಗಿರಿಜಾಳ ಕೈ ತೊಳೆಸಲು ಹೋದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ನನ್ನ ಮುಟ್ಟಬ್ಯಾಡ್ರಿ ಸರ. ನಿಮ್ಮ ಕೈನೂ ಶೇಂಗಾ ವಾಸನಿ ಹೊಡ್ಯಾಕತ್ತೈತ್ರಿ."

ನಾಚಿಕೆಯಿಂದ ಸತ್ತೆ. ಅಂದೇ ಖಣ ಖಾಲಿಯಾಯಿತು. ನೀಲವ್ವ ಗುರೆಳ್ಳು ಪುಡಿ ಹಿಡಿದಳು, ಬಾಗಿಲಿಗೆ ಸಾಬೂನು ಬಂತು. ಎಲ್ಲರಿಗಿಂತ ಮೊದಲು ಕೈ ತೊಳೆಯುವವನು ನಾನು. ಗಿರಿಜಾ ಇವತ್ತಿಗೂ ನಿಂತು ನೋಡುತ್ತಾಳೆ.

ಇವತ್ತು ಚಟ್ನಿಯನ್ನು ಪಕ್ಕಕ್ಕೆ ಸರಿಸಿದ್ದು ಕಂಡು ಬೀಗತಿಯ ಮುಖ ಸಣ್ಣದಾಯಿತು. "ಯಾಕ್ರಿ ಬೀಗ್ರ, ನಿಮಗ ಶೇಂಗಾ ಆಗೂದಿಲ್ಲೇನ್ರಿ?"

"ಹೌದ್ರಿ, ಆಗೂದಿಲ್ಲ" ಎಂದೆ. "ಏಳನೇ ಇಯತ್ತೆಯೊಳಗ ಉಸರ ಕಟ್ಟತೈತ್ರಿ."