ಬಾಲದ ಎರಡು ಅಂಕಿ

ಹೆಪ್ಸಿಬಾ ಅಕ್ಕ ನಂಬರುಗಳನ್ನು ಬಾಲದಿಂದ ಓದುವವರು. ಬೀದರದ ನಮ್ಮ ರಕ್ತನಿಧಿಯಲ್ಲಿ ಇಪ್ಪತ್ತಾರು ವರ್ಷದಿಂದ ಟೆಕ್ನೀಷಿಯನ್. ರೋಗಿಯ ರಕ್ತದ ಸ್ಯಾಂಪಲ್ ಇರುವ ಪ್ರತಿ ಟ್ಯೂಬಿಗೂ ಹೆಸರಿನ ಬದಲು ಹದಿನೇಳು ಅಂಕಿಯ ನಂಬರು. ಒಂದು ದಿನದ ಟ್ಯೂಬುಗಳಲ್ಲಿ ಮೊದಲ ಹದಿನೈದು ಎಲ್ಲಕ್ಕೂ ಒಂದೇ. ಹಾಗಾಗಿ ಕೋಟಿನ ತೋಳಿಗೆ ಬಿಳಿ ಟೇಪು ಅಂಟಿಸಿ, ಕೊನೆಯ ಎರಡನ್ನಷ್ಟೇ, ಯಾರದೆಂಬ ಗುರುತಿನೊಂದಿಗೆ, ಅದರ ಮೇಲೆ ಬರೆದುಕೊಳ್ಳುತ್ತಾರೆ. ಈ ನಂಬರುಗಳನ್ನೆಲ್ಲ ಪರದೆಯಲ್ಲೇ ತೋರಿಸುವ ವೆಬ್‌ಸೈಟ್ ಅಲ್ಲಿಗೆ ಮಾಡಿಕೊಟ್ಟವಳು ನಾನು, ಮಹಾಮಾಯಾ. ಆ ಟೇಪು ಕಂಡರೆ ನನಗೆ ಮೈ ಉರಿಯುತ್ತಿತ್ತು. ಎಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ.

ವೆಬ್‌ಸೈಟ್ ಶುರುವಾದ ಮೊದಲ ದಿನವೇ ಮಧ್ಯಾಹ್ನ ಭಾಲ್ಕಿಯ ಆಸ್ಪತ್ರೆಯಿಂದ ಫೋನ್ ಬಂತು. ಮೆಹಕರದ ಅಂಜನಾಬಾಯಿಗೆ ಹೆರಿಗೆಯಾಗಿ ರಕ್ತಸ್ರಾವ ನಿಲ್ಲುತ್ತಿಲ್ಲ. ಅವಳ ಸ್ಯಾಂಪಲ್ ಬೆಳಿಗ್ಗೆಯೇ ಬಂದಿತ್ತು. ಪರದೆಯಲ್ಲಿ ಅವಳ ಹೆಸರಿನ ಎದುರು ಬಿ ಪಾಸಿಟಿವ್ ಎಂದಿತ್ತು. ಇನ್ನೊಬ್ಬ ಟೆಕ್ನೀಷಿಯನ್ ದತ್ತಾತ್ರಿ ಪರದೆ ತೋರಿಸಿದ ನಂಬರಿನ ಟ್ಯೂಬು ತೆಗೆದು, ಒಂದು ಬಿ ಪಾಸಿಟಿವ್ ಚೀಲದ ರಕ್ತದೊಂದಿಗೆ ಹೊಂದಿಸಿ ನೋಡಿದ. ಹೊಂದಿತು. ರಕ್ತದ ಚೀಲ ಡಬ್ಬಿ ಸೇರಿತು. ಹೊರಗೆ ಡ್ರೈವರ್ ಸಾಜಿದ ಕಾಯುತ್ತಿದ್ದ.

"ತಡೀರಿ," ಎಂದರು ಹೆಪ್ಸಿಬಾ ಅಕ್ಕ, ತೋಳಿನ ಟೇಪನ್ನೂ ಪರದೆಯನ್ನೂ ನೋಡಿ. "ಭಾಲ್ಕಿದು ತೊಂಬತ್ಮೂರು. ಇಲ್ಲಿ ತೊಂಬತ್ತೆರಡು ಅದ."

"ನೀವೇ ತಪ್ಪು ಬರ್ಕೊಂಡೀರಿ, ಅಕ್ಕಾರ. ಅಲ್ಲಿ ಆ ಬಾಯಿ ಸಾಯ್ಲಿಕತ್ತಾಳ, ಚೀಲ ಬಿಡ್ರಿ," ಎಂದು ರೇಗಿದೆ.

"ಅದಕ್ಕೇ ಬಿಡಂಗಿಲ್ಲವ್ವಾ. ತೊಂಬತ್ತೆರಡು ಔರಾದಿನ ಹಣಮಂತಪ್ಪಂದು."

ಡಬ್ಬಿಯ ಮೇಲೆ ಕೈಯಿಟ್ಟು ನಿಂತೇಬಿಟ್ಟರು. ಸಾಜಿದ ಹಾರ್ನ್ ಹೊಡೆದ. ಅವರ ತಪ್ಪನ್ನು ಅವರ ಮುಖಕ್ಕೇ ಹಿಡಿಯೋಣವೆಂದು, ಸರ್ವರ್ ಕಳಿಸಿದ ಮೂಲ ಮಾಹಿತಿಯನ್ನು ತೆರೆದೆ. ಅಲ್ಲಿ ತೊಂಬತ್ಮೂರು ಇತ್ತು. ಪರದೆಯ ಮೇಲೆ ತೊಂಬತ್ತೆರಡು. ಇಷ್ಟುದ್ದದ ನಂಬರನ್ನು ಸಂಖ್ಯೆಯೆಂದು ಕೊಟ್ಟರೆ ಬ್ರೌಸರಿಗೆ ಪೂರ್ತಿ ಹಿಡಿಯಲಾಗದು; ಸದ್ದಿಲ್ಲದೆ ಹತ್ತಿರದ ಸಂಖ್ಯೆಗೆ ಸರಿಸಿಬಿಡುತ್ತದೆ. ನಾನು ಪರೀಕ್ಷೆ ಮಾಡಿದ್ದು ಒಂದು, ಎರಡು, ಮೂರು ಎಂಬ ಪುಟ್ಟ ನಂಬರುಗಳಿಂದ. ಹೀಗೆ ಪರದೆ ತೊಂಬತ್ತೆರಡರ ಮಾಹಿತಿಯನ್ನೇ ಹುಡುಕಿ ತಂದು, ಅಂಜನಾಬಾಯಿಯ ಹೆಸರಿಗೆ ಹಣಮಂತಪ್ಪನವರ ರಕ್ತದ ಗುಂಪು ಬಂದು ಕೂತಿತ್ತು. ದತ್ತಾತ್ರಿ ಹೊಂದಿಸಿ ನೋಡಿದ್ದೂ ಅವರ ಟ್ಯೂಬನ್ನೇ.

ತೊಂಬತ್ಮೂರರ ಟ್ಯೂಬು ಪರೀಕ್ಷಿಸಿದರೆ, ಅಂಜನಾಬಾಯಿಯದು ಓ ಪಾಸಿಟಿವ್. ಬಿ ರಕ್ತ ಏರಿಸಿದ್ದರೆ ಅವಳು ಉಳಿಯುತ್ತಿರಲಿಲ್ಲ.

ಹೊಸ ಚೀಲ ಹೊಂದಿಸಲು ನಲವತ್ತು ನಿಮಿಷ ಹಿಡಿಯಿತು. ಭಾಲ್ಕಿಯಿಂದ ಎರಡು ಸಲ ಫೋನ್ ಬಂತು, ಎತ್ತಲು ನನಗೆ ಧೈರ್ಯವಾಗಲಿಲ್ಲ. ಸರ್ವರ್ ಆ ನಂಬರನ್ನು ಉದ್ಧರಣ ಚಿಹ್ನೆಗಳೊಳಗೆ ಇಟ್ಟು ಕಳಿಸುವಂತೆ ತಿದ್ದಿದೆ. ಆಗ ಬ್ರೌಸರು ಅದನ್ನು ಅಕ್ಷರದಂತೆ ಓದುತ್ತದೆ, ಮುಟ್ಟುವುದಿಲ್ಲ.

"ನಂದೇ ತಪ್ಪು, ಅಕ್ಕಾರ."

"ಅದು ಲೆಕ್ಕದ ನಂಬರಲ್ಲವ್ವಾ, ಆ ಬಾಯಿ ಹೆಸರು," ಎಂದರು, ಟ್ಯೂಬಿನಿಂದ ಕಣ್ಣೆತ್ತದೆ.

ಸಂಜೆ ಭಾಲ್ಕಿಯಿಂದ ಮತ್ತೆ ಫೋನ್ ಬಂತು. ಅಂಜನಾಬಾಯಿ ಕಣ್ಣು ಬಿಟ್ಟಿದ್ದಳು, ಮಗುವನ್ನು ಕೇಳಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಹೆಪ್ಸಿಬಾ ಅಕ್ಕ ಟೇಪಿನ ಒಂದು ತುಂಡು ಹರಿದು ನನ್ನ ತೋಳಿಗೆ ಅಂಟಿಸಿದರು.